ಬೇಶರಮ್ ತಪ್ಪಲಿನ ಗ್ಯಾಸು

“ಬೇಶರಮ್ ತಪ್ಪಲಾ ಹಾಕಿ ಗಂಡನ್ನ ತಿಂದ್ಲು” ಎಂಬ ಮಾತಿನಲ್ಲಿ ಎರಡು ತಪ್ಪುಗಳಿವೆ. ಆ ಎಲೆ ಯಾರನ್ನೂ ಕೊಲ್ಲಲಿಲ್ಲ. ಆ ಸಲ ಸಗಣಿ ಗ್ಯಾಸಿನ ಗುಂಡಿಗೆ ಅದನ್ನು ತುರುಕಿದವಳೂ ಆಕೆಯಲ್ಲ. ಇವೆರಡನ್ನು ಕಳೆದರೆ ಉಳಿಯುವುದು ಬೇಶರಮ್ ಎಂಬ ಶಬ್ದ ಮಾತ್ರ. ಅದು ನಾಲಾದ ದಂಡೆಗೆ ಬೆಳೆಯುವ ಒಂದು ಕಂಟಿಯ ಹೆಸರು. ಕಡಿದಷ್ಟೂ ಚಿಗುರುತ್ತದೆ, ದನ ಮೂಸಿ ನೋಡಿ ಮುಖ ತಿರುಗಿಸುತ್ತದೆ, ಯಾರಿಗೂ ಬೇಡವಾದರೂ ಹೂ ಬಿಟ್ಟುಕೊಂಡು ನಿಂತಿರುತ್ತದೆ. ನಾಚಿಕೆ ಇಲ್ಲದ ಗಿಡ ಎಂದು ನಮ್ಮ ಕಡೆ ಆ ಹೆಸರು. ಅದನ್ನು ಗಿಡದಿಂದ ಕಿತ್ತು ಒಬ್ಬ ಹೆಂಗಸಿಗೆ ಅಂಟಿಸಲು ಊರಿಗೆ ಒಂದು ವಾರವೂ ಬೇಕಾಗಲಿಲ್ಲ.

ಈ ಮಳೆಗಾಲದಲ್ಲಿ ಆಕೆ ತೀರಿಕೊಂಡಳು. ಭಾಲ್ಕಿಗೂ ಹಲಬರ್ಗಾಕ್ಕೂ ನಡುವಿನ ನಮ್ಮ ಊರಲ್ಲಿ ಗಣಾರಾಧನೆಯ ಪಂಕ್ತಿ ಕೂತಾಗ ಅದೇ ವಾಕ್ಯ ಹುಗ್ಗಿಯ ಜೊತೆ ಎಲೆಯಿಂದ ಎಲೆಗೆ ಬಂತು. ಔರಾದಿಗೆ ಮದುವೆಯಾಗಿ ಹೋದ ಆಕೆಯ ಒಬ್ಬಳೇ ಮಗಳು ತಲೆ ತಗ್ಗಿಸಿ ಕೇಳುತ್ತಿದ್ದಳು. ಹನ್ನೊಂದನೆಯ ವಯಸ್ಸಿನಿಂದ ಅವಳು ಕೇಳಿಕೊಂಡು ಬಂದಿರುವುದು ಇದನ್ನೇ. ನಂಬಿಯೂ ಇದ್ದಳು. ತಾಯಿಯ ಕೈಯ ರೊಟ್ಟಿ ಬಿಟ್ಟು ದೊಡ್ಡಪ್ಪನ ಪಾಲಿನ ಪಡಸಾಲೆಯಲ್ಲಿ ಉಂಡು ಬೆಳೆದ ಮಗಳು. ಅವಳು ನಂಬಿದ್ದು ಸರಿಯಲ್ಲ ಎಂದು ಅವಳಿಗೆ ಹೇಳುವವರು ಯಾರು ಎಂಬುದೇ ಅಲ್ಲಿ ಉಳಿದಿದ್ದ ಪ್ರಶ್ನೆ.

ನಾನು ಆಕೆಯನ್ನು ಕಾಕಿ ಎನ್ನುತ್ತಿದ್ದೆ. ಹೆಸರು ಬರೆಯುವುದಿಲ್ಲ, ಬರೆದರೂ ಊರವರಿಗೆ ಅಡ್ಡಹೆಸರು ಹೇಳದೆ ಗುರುತು ಸಿಗುವುದಿಲ್ಲ. ಅವರದು ಲಿಂಗಾಯತರ ಓಣಿಯ ಕೊನೆಯ ಮನೆ. ನಮ್ಮದು ಬೌದ್ಧರಾದ ದಲಿತರ ಓಣಿಯ ಮೊದಲನೆಯದು. ನಡುವೆ ಅವರ ಹಿತ್ತಿಲ ಗೋಡೆ, ನನ್ನ ಎದೆಯಷ್ಟು ಎತ್ತರ. ಮಜ್ಜಿಗೆ ಚರಿಗೆ, ಕರಿಬೇವು, ಸುದ್ದಿ, ಬೈಗುಳ ಎಲ್ಲವೂ ಅದರ ಮೇಲಿಂದಲೇ ಆ ಕಡೆ ಈ ಕಡೆ ದಾಟುತ್ತಿದ್ದವು. ಅವರ ಮುಂಬಾಗಿಲಿಗೆ ಹೋಗಬೇಕೆಂದರೆ ಎರಡು ಓಣಿ ಸುತ್ತಬೇಕಿತ್ತು, ಹಾಗಾಗಿ ನಾವು ಹೋಗುತ್ತಿರಲಿಲ್ಲ. ದೂರವೊಂದೇ ಕಾರಣವೆಂದು ನಾನು ಬಹಳ ದಿನ ನಂಬಿದ್ದೆ.

ಕಾಕಿ ಗಿಡ್ಡ ಆಳು, ದೊಡ್ಡ ದನಿ. ಹಿತ್ತಿಲಿನಲ್ಲಿ ಇಳಗಿಯ ಮುಂದೆ ಕೂತು ಬೇಶರಮ್ ಎಲೆ ಹೆಚ್ಚುತ್ತಿರುವುದೇ ನನ್ನ ಕಣ್ಣಿಗೆ ಕಟ್ಟಿದ ಚಿತ್ರ. ವಾದ ಸಣ್ಣದಿದ್ದರೆ ಹೆಚ್ಚುತ್ತಲೇ ಉತ್ತರ ಕೊಡುತ್ತಿದ್ದಳು. ಕೈಯಲ್ಲಿದ್ದ ತಪ್ಪಲು ಕೆಳಗಿಟ್ಟಳೆಂದರೆ ಎದುರಿನವರ ಕತೆ ಮುಗಿಯಿತೆಂದೇ ಲೆಕ್ಕ.

ಗ್ಯಾಸ್ ಗುಂಡಿ ಕಟ್ಟಿಸಿದ್ದು ಮನೆ ಒಂದಾಗಿದ್ದಾಗ. ಆಗ ಕೊಟ್ಟಿಗೆಯಲ್ಲಿ ಐದು ದನ. ನೆಲದೊಳಗೆ ಬೋರಲು ಹಾಕಿದ ಬೋಗುಣಿಯಂಥ ಗುಮ್ಮಟ, ಒಂದು ಕಡೆ ಸಗಣಿ ನೀರು ಬಿಡುವ ತೊಟ್ಟಿ, ಇನ್ನೊಂದು ಕಡೆ ರಾಡಿ ಹೊರಬರುವ ತೊಟ್ಟಿ, ನಡುವೆ ಅಡುಗೆಮನೆಗೆ ಹೋಗುವ ಒಂದು ಪೈಪು. ಆಮೇಲೆ ಅಣ್ಣತಮ್ಮಂದಿರ ಪಾಲಾಯಿತು. ನಾಲ್ಕು ದನ ಅಣ್ಣನ ಕಡೆ ಹೋದವು. ಒಂದು ಎಮ್ಮೆಯೂ ಗುಂಡಿಯೂ ತಮ್ಮನಿಗೆ, ಅಂದರೆ ಕಾಕಿಯ ಗಂಡನಿಗೆ, ಬಂದವು. ಮುಂಬಾಗಿಲು ಇಬ್ಬರಿಗೂ ಒಂದೇ ಉಳಿಯಿತು.

“ಹೊಟ್ಟಿ ನಮ್ಗ ಬಂತು, ಊಟ ಅವ್ರಿಗಿ ಹೋಯ್ತು” ಎಂದು ಕಾಕಿ ಗೋಡೆಯ ಮೇಲಿಂದ ನಮ್ಮವ್ವನಿಗೆ ಹೇಳಿ ನಕ್ಕಿದ್ದಳು. ಒಂದು ಎಮ್ಮೆಯ ಸಗಣಿಗೆ ಆ ಗುಂಡಿಯಲ್ಲಿ ಚಹಾ ಕುದಿಯುವಷ್ಟು ಗ್ಯಾಸೂ ಸರಿಯಾಗಿ ಬರುತ್ತಿರಲಿಲ್ಲ.

ಎಲೆಯ ವಿಚಾರವನ್ನು ಆಕೆ ತಂದದ್ದು ಬೀದರಿನಲ್ಲಿ ನಡೆದ ಹೆಂಗಸರ ತರಬೇತಿಯೊಂದರಿಂದ. ಸಗಣಿ ಕಡಿಮೆ ಬಿದ್ದರೆ ಹಸಿ ತಪ್ಪಲು ಸೇರಿಸಬಹುದು, ದನ ತಿನ್ನದ ಕಂಟಿಯೂ ನಡೆಯುತ್ತದೆ ಎಂದು ಅಲ್ಲಿ ಹೇಳಿದ್ದರಂತೆ. ಮರುದಿನವೇ ನಾಲಾಕ್ಕೆ ಹೋಗಿ ತಲೆಹೊರೆ ಬೇಶರಮ್ ತಂದಳು. ದಂಟು ಒಂದೂ ಬೀಳಬಾರದು. ಎಲೆಯನ್ನು ಉಗುರಿನಷ್ಟು ಸಣ್ಣಗೆ ಹೆಚ್ಚಬೇಕು. ಹಳೆಯ ರಾಡಿಯಲ್ಲಿ ಏಳೆಂಟು ದಿನ ಕೊಳೆಹಾಕಿ, ಆಮೇಲೆ ಎರಡು ಬುಟ್ಟಿ ಸಗಣಿಗೆ ಒಂದು ಬುಟ್ಟಿ ಸೇರಿಸಿ, ನೀರು ಹಾಕಿ ಕಲಸಿ ಬಿಡಬೇಕು. ಮೇಲಿಂದ ಬಿದಿರ ಗಳದಿಂದ ದಿನವೂ ತಿರುವಬೇಕು.

“ಇಷ್ಟ್ಯಾಕ ಸಣ್ಣ ಹೆಚ್ಚತೀ ಕಾಕಿ?”

“ಗುಂಡಿ ಅಂದ್ರ ಹಲ್ಲಿಲ್ಲದ ಮುದುಕಿ. ನಾವೇ ಅಗದು ಕೊಡ್ಬೇಕು.”

ಆ ಎಲೆಯ ಹಾಲಿಗೆ ಕೈ ತುರಿಸುತ್ತಿತ್ತು, ಬೆರಳಿನ ಸಂದಿ ಕಪ್ಪಾಗುತ್ತಿತ್ತು. ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದು, ಹಿಟ್ಟಿಗೆ ಕೈ ಹಾಕುವ ಮೊದಲು ಹತ್ತೂ ಬೆರಳನ್ನು ಮೂಗಿಗೆ ಹಿಡಿದು ಮೂಸುತ್ತಿದ್ದಳು. ವಾಸನೆ ಇದೆ ಅನ್ನಿಸಿದರೆ ಮತ್ತೆ ತೊಳೆಯುತ್ತಿದ್ದಳು. ಇಂಥವಳನ್ನು ವಿಷ ಹಾಕಿದವಳು ಎನ್ನುವವರು ಆಕೆಯ ಕೈಯ ರೊಟ್ಟಿಯನ್ನು ಎಷ್ಟು ವರ್ಷ ತಿಂದಿದ್ದರೆಂದು ನೆನೆದು ನೋಡಲಿ.

ಒಮ್ಮೆ ನಳದ ಹತ್ತಿರ ಓಣಿಯ ಮುದುಕಿಯೊಬ್ಬಳು ಕೇಳಿಯೇ ಬಿಟ್ಟಳು: “ಲಿಂಗ ಕಟ್ಟಿದ ಮನ್ಯಾಗ ಹೆಂಡಿ ಗಾಳಿ ಮ್ಯಾಲ ಅಡಗಿ ಮಾಡ್ತೀಯಲ್ಲ, ಹ್ಯಾಂಗ ನಡೀತದ?”

“ಅತ್ತಿ, ನೀವು ಕುಳ್ಳು ತಟ್ಟಿ ಒಣಗಿಸಿ, ಹಚ್ಚಿ ಅಡಗಿ ಮಾಡ್ತೀರಲ್ರಿ, ಅದೇನು ಬೆಲ್ಲದ್ದೇನ್ರಿ?”

ಮುದುಕಿ ಕೊಡ ತುಂಬುವ ಮೊದಲೇ ಎತ್ತಿಕೊಂಡು ಹೋದಳು.

ಭಾಲ್ಕಿಯ ಕಾಲೇಜಿನಲ್ಲಿ ನಾನು ಚರ್ಚಾಸ್ಪರ್ಧೆಗೆ ಹೆಸರು ಕೊಟ್ಟ ವರ್ಷ ಗೋಡೆಗೆ ಒರಗಿ ನಿಂತು ಭಾಷಣ ಒಪ್ಪಿಸುವುದು ಶುರುವಾಯಿತು. ಕಾಕಿ ಎಲೆ ಬಿಡಿಸುತ್ತ ಕೇಳುತ್ತಿದ್ದಳು. ನಾನು ಪರ ಮಾತಾಡಿದರೆ ಆಕೆ ವಿರೋಧ. ನಾನು ವಿರೋಧಕ್ಕೆ ಹಾರಿದರೆ ಆಕೆ ಅಲ್ಲಿಂದ ಈಚೆಗೆ.

“ಹೌದಲ್ಲ ವಕೀಲಬಾಯಿ, ಈಗ ಹೇಳಿದ್ದು ನೀ ಖರೇನೇ ನಂಬ್ತೀಯೇನು?”

“ಸ್ಪರ್ಧಾದಾಗ ನಂಬೋದು ಬೇಕಾಗಿಲ್ಲ ಕಾಕಿ. ಗೆಲ್ಲೋದು ಬೇಕು.”

“ಹಂಗಾದ್ರ ಅದು ಬರೇ ದಂಟು. ತಪ್ಪಲಿಲ್ಲ ಅದರಾಗ.”

ಎಲೆಯಿಂದ ಗ್ಯಾಸ್ ಹೆಚ್ಚುತ್ತದೆ ಎಂಬುದನ್ನೂ ನಾನು ಸುಮ್ಮನೆ ಒಪ್ಪಲಿಲ್ಲ. ಪುರಾವೆ ಕೇಳಿದೆ. ಕಾಕಿ ನನಗಾಗಿ ಒಂದು ವಾರ ಬರೀ ಸಗಣಿ ಹಾಕಿದಳು. ವಾರ ಮುಗಿಯುವುದರೊಳಗೆ ಬೇಳೆ ಕುದಿಯುವ ಮೊದಲೇ ಉರಿ ಸಣ್ಣಗಾಗತೊಡಗಿತು. ಎಲೆ ಮತ್ತೆ ಸೇರಿಸಿದ ಮೇಲೆ ಬೇಳೆಯೂ ಆಯಿತು, ರೊಟ್ಟಿಯೂ ಆಯಿತು, ಚಹಾಕ್ಕೂ ಉಳಿಯಿತು. ನಾನು ಒಪ್ಪದೆ ತಲೆಯಾಡಿಸಿದೆ. ಹಳೆಯ ವಾರದ ಎಲೆ ಗುಂಡಿಯಲ್ಲಿ ಉಳಿದೇ ಇರುತ್ತದೆ, ಹೀಗಾಗಿ ಪರೀಕ್ಷೆ ಶುದ್ಧವಲ್ಲ ಎಂದೆ.

“ನೋಡ್ರೆವ್ವಾ, ಪರೀಕ್ಷಾ ಇಡಾಕೀನೂ ಈಕೀನೇ, ಫೇಲ್ ಮಾಡಾಕೀನೂ ಈಕೀನೇ! ಚಹಾ ಬ್ಯಾಡೇನು ಮತ್ತ?”

ಚಹಾ ಕುಡಿದೆ. ಗೋಡೆಯ ಈಚೆಗೆ ನಿಂತು.

ಈಗ ಆ ದಿನದ ಮಾತು.

ತಂಗಿಯ ಬಾಣಂತನಕ್ಕೆಂದು ಕಾಕಿ ಸಂತಪುರದ ತವರಿಗೆ ಹೋದಳು. ತಿಂಗಳಾಯಿತು. ಗುಂಡಿಯ ಕೆಲಸ ಗಂಡನ ಪಾಲಿಗೆ ಬಂತು. ಆತ ಒಳ್ಳೆಯ ಮನುಷ್ಯ, ಮಾತು ಕಡಿಮೆ. ಜಗಳದ ದನಿ ಕಿವಿಗೆ ಬಿದ್ದರೆ ಏನಾದರೂ ಕೆಲಸ ಹುಡುಕಿಕೊಂಡು ಎದ್ದು ಹೋಗುವವನು. ಎಲೆ ಬಿಡಿಸುವುದಕ್ಕೆ ಪುರುಸೊತ್ತಿಲ್ಲದೆ ಆತ ಬೇಶರಮ್ ಕಂಟಿಯನ್ನು ದಂಟು ಸಮೇತ ಕಡಿದು, ಕೊಳೆಹಾಕದೆ ಒಳಗೆ ತುರುಕಿದ. ಹಲ್ಲಿಲ್ಲದ ಮುದುಕಿಗೆ ಅಗಿದು ಕೊಡುವವರಿಲ್ಲ. ದಂಟೆಲ್ಲ ತೇಲಿ, ಹೆಣೆದುಕೊಂಡು, ರಾಡಿಯ ಮೇಲೆ ಕಂಬಳಿ ಹೊಚ್ಚಿದಂತೆ ಗಟ್ಟಿ ಪದರವಾಯಿತು. ಒಲೆ ಆರಿತು.

ಕಾಕಿ ಬಂದು ನೋಡಿ ಒಂದಿಷ್ಟು ಬೈದಳು. ಆಮೇಲೆ ಗಂಡಹೆಂಡತಿ ಕೂಡಿ ಹೊರತೊಟ್ಟಿಯ ಕಲ್ಲು ಸರಿಸಿ, ಎರಡು ದಿನ ಬಕೀಟಿನಿಂದ ರಾಡಿ ಎತ್ತಿದರು. ಪದರ ಒಳಗೇ ಕೂತಿತ್ತು. ಯಾರಾದರೂ ಇಳಿದು ಸಲಿಕೆಯಿಂದ ಕಡಿಯಬೇಕು. ಕಾಕಿ ಇಳಿಯಗೊಡಲಿಲ್ಲ. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಬಹಳ ದಿನ ತೆರೆದಿಡಬೇಕು, ಆಮೇಲೂ ನೋಡದೆ ಇಳಿಯಬಾರದು ಎಂದು ಬೀದರಿನಲ್ಲಿ ಕಲಿತು ಬಂದಿದ್ದಳು. ಬಾವಿಗೆ ದೀಪ ಇಳಿಸಿದಂತೆ ಇಲ್ಲಿ ಇಳಿಸುವಂತಿಲ್ಲ, ಬೆಂಕಿ ಹತ್ತುತ್ತದೆ. ಬುಟ್ಟಿಯಲ್ಲಿ ಒಂದು ಕೋಳಿ ಕೂರಿಸಿ, ಹಗ್ಗ ಕಟ್ಟಿ ಇಳಿಸಬೇಕು. ಎಳೆದಾಗ ಅದು ತೂಕಡಿಸುತ್ತಿದ್ದರೆ ಮನುಷ್ಯ ಕಾಲಿಡಬಾರದು.

ಗಂಡನಿಗೆ ಅವಸರ. ಮುಸಲಧಾರೆ ಹಿಡಿಯುವುದರೊಳಗೆ ಮುಗಿಸಬೇಕು ಎನ್ನುತ್ತಿದ್ದ. ಆತನಿಗೆ ತೋರಿಸಲೆಂದೇ ಕಾಕಿ ಕೋಳಿ ಕೇಳಲು ನಮ್ಮ ಮನೆಗೆ ಬಂದಳು. ಅವರ ಮನೆಯಲ್ಲಿ ಕೋಳಿ ಎಲ್ಲಿಂದ ಬರಬೇಕು?

ನಮ್ಮವ್ವ ಕರಿಯ ಹ್ಯಾಟೆಯೊಂದನ್ನು ಹಿಡಿದು ತಂದು, “ಗ್ವಾಡಿ ಮ್ಯಾಲಿಂದ ಕೊಡ್ಲೇನು?” ಎಂದು ಕೇಳಿದಳು.

ಆಗ ನಾನು ಬಾಯಿ ಹಾಕಿದೆ. “ಯಾಕ, ಕಳ್ಳರಂಗ? ಕಾಕಿ, ಇದು ಪರೀಕ್ಷಾ. ಮುಂದಿನ ಬಾಗ್ಲಿಂದೇ ಒಯ್ಯಿ. ಯಾರರ ಕೇಳಿದ್ರ ಉತ್ತರ ಕೊಡು.”

ಕಾಕಿ ನನ್ನ ಮುಖ ನೋಡಿದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಳಿಯನ್ನು ಕಂಕುಳಲ್ಲಿಟ್ಟುಕೊಂಡು, “ನಡಿ ವಕೀಲಬಾಯಿ” ಎಂದಳು. ಎರಡು ಓಣಿ ಸುತ್ತಿ ಹೋದೆವು.

ಬಾಗಿಲ ಕಟ್ಟೆಯ ಮೇಲೆ ಆಕೆಯ ಭಾವ, ಅಂದರೆ ಗಂಡನ ಅಣ್ಣ, ಪೇಪರ್ ಓದುತ್ತ ಕೂತಿದ್ದರು. ಶರಣರ ವಚನ ನೂರಾರು ಬಾಯಿಪಾಠ ಇರುವ ಮನುಷ್ಯ. ಕುಲವಿಲ್ಲ, ಮೈಲಿಗೆ ಇಲ್ಲ ಎಂಬ ವಿಷಯಕ್ಕೆ ಅವರಷ್ಟು ಚೆನ್ನಾಗಿ ಭಾಷಣ ಮಾಡುವವರು ಸುತ್ತಮುತ್ತ ಇಲ್ಲ. ಪೇಪರ್ ಮಡಚಿ ಕೇಳಿದರು:

“ಯಾರ ಮನಿದು?”

“ಹಿಂದಿನ ಮನಿದ್ರಿ ಭಾವಾರ. ಗುಂಡಿಗಿ ಇಳಿಸಿ ನೋಡಿ ವಾಪಸ್ ಕೊಡ್ತೇನಿ.”

“ಈ ಹೊಸ್ತಿಲಾ ದಾಟಿ ಕೋಳಿ ಬರಂಗಿಲ್ಲ.”

“ಕೊಯ್ಯಾಕಲ್ರಿ. ಒಳಗ ಉಸಿರು ಅದನೋ ಇಲ್ಲೋ ನೋಡಾಕ.”

“ಅಂದ್ರ ಸಾಯ್ಲಾಕೇ ತಂದೀದಿ. ಲಿಂಗವಂತರ ಮನ್ಯಾಗ ಜೀವಹತ್ಯಾ?”

“ಅದು ಸತ್ರ ನಿಮ್ಮ ತಮ್ಮ ಉಳೀತಾರ್ರಿ. ಯಾವ ಜೀವ ಬೇಕು ನೀವೇ ಹೇಳ್ರಿ.”

ಆರೇಳು ಜನ ಕೂಡಿದರು. ಭಾವ ಎದ್ದು ಬಾಗಿಲಿಗೆ ಅಡ್ಡ ನಿಂತರು. ಸಂಸ್ಕಾರ ಎಂದರು. ಇವತ್ತು ಕೋಳಿ, ನಾಳೆ ಏನೋ ಎಂದರು. ಕಾಕಿ ಒಂದೊಂದಕ್ಕೂ ಉತ್ತರ ಕೊಟ್ಟಳು. ನಾನು ಹಿಂದೆ ನಿಂತು ಮನಸ್ಸಿನಲ್ಲೇ ಅಂಕ ಹಾಕುತ್ತಿದ್ದೆ. ಕಾಕಿ ಗೆಲ್ಲುತ್ತಿದ್ದಳು.

ಅಷ್ಟರಲ್ಲಿ ಹಿತ್ತಿಲಿನಿಂದ ಮಗಳ ಕೂಗು ಕೇಳಿತು. “ಅವ್ವಾ, ಅಪ್ಪ ಒಳಗ ಇಳದಾನ, ಮಾತಾಡವಲ್ಲ!”

ಮುಂಬಾಗಿಲಿನ ಜಗಳ ಕೇಳಲಾಗದೆ ಆತ ಸಲಿಕೆ ಹಿಡಿದು ಇಳಿದಿದ್ದ. ಕೆಲಸ ಮುಗಿದರೆ ಜಗಳಕ್ಕೆ ಕಾರಣವೇ ಇರುವುದಿಲ್ಲ ಎಂದುಕೊಂಡಿದ್ದನೇನೋ. ಹಗ್ಗ ಹಾಕಿ ಎಳೆಯುವುದರೊಳಗೆ ಉಸಿರಿರಲಿಲ್ಲ. ಬರೀ ಸಗಣಿಯ ಗುಂಡಿಯಾಗಿದ್ದರೂ ಹಾಗೆಯೇ ಆಗುತ್ತಿತ್ತು. ಅಲ್ಲಿ ವಿಷವಾದದ್ದು ಎಲೆಯಲ್ಲ. ಉಸಿರಾಡುವ ಗಾಳಿ ಅಲ್ಲಿರಲಿಲ್ಲ, ಅಷ್ಟೇ.

ಕೋಳಿಯನ್ನು ಕಣ್ಣಾರೆ ಕಂಡವರು ಇದ್ದರು. ಯಾರೂ ಅದರ ಮಾತೆತ್ತಲಿಲ್ಲ. ಮುಂಬಾಗಿಲಲ್ಲಿ ಆದದ್ದು ತಪ್ಪಲಿನ ಜಗಳ ಎಂದಾಯಿತು. ಮೂರನೆಯ ದಿನದ ಹೊತ್ತಿಗೆ ಎಲೆ ವಿಷವಾಗಿತ್ತು, ಕಾಕಿ ಬೇಶರಮ್ ಆಗಿದ್ದಳು. ಹಿತ್ತಿಲಿನಲ್ಲಿದ್ದ ಮಗಳಿಗೆ ಅಷ್ಟೇ ತಲುಪಿತು.

ಒಂದು ವರ್ಷ ಕಾಕಿ ಗುಂಡಿಯ ಕಡೆ ನೋಡಲಿಲ್ಲ. ಆಮೇಲೆ ಗಾರೆ ಕೆಲಸದ ಗೌಂಡಿಯನ್ನು ಕರೆಸಿದಳು. ಗುಂಡಿ ಪೂರಾ ಬರಿದು ಮಾಡಿಸಿ, ತಿಂಗಳುಗಟ್ಟಲೆ ತೆರೆದಿಟ್ಟು, ಮತ್ತೆ ನಮ್ಮವ್ವನ ಹತ್ತಿರ ಕೋಳಿ ಕೇಳಿದಳು. ಈ ಸಲ ಗೋಡೆಯ ಮೇಲಿಂದ. ಕೋಳಿ ಬದುಕಿಯೇ ಮೇಲೆ ಬಂತು. ಅದರ ಕಾಲು ತೊಳೆದು, ಒರೆಸಿ, ಗೋಡೆಯ ಮೇಲಿಂದಲೇ ವಾಪಸ್ ಕೊಟ್ಟಳು. ಮರುವಾರ ನಾಲಾದಿಂದ ಬೇಶರಮ್ ಹೊರೆ ಬಂತು.

ಗಂಡ ಸತ್ತ ಗುಂಡಿಯ ಉರಿಯ ಮೇಲೆ ರೊಟ್ಟಿ ಸುಡುತ್ತಾಳೆ ಎಂದು ಊರು ಬಾಯಿಗೆ ಸೆರಗು ಹಿಡಿಯಿತು. ಮಗಳು ತಾಟು ಎತ್ತಿಕೊಂಡು ದೊಡ್ಡಪ್ಪನ ಕಡೆಗೆ ಹೋದಳು. ಇದನ್ನು ನಾನು ಸಮರ್ಥಿಸಲಾರೆ. ಕಾಕಿ ಸೌದೆ ಉರಿಸಬಹುದಿತ್ತು, ಸಿಲಿಂಡರ್ ತರಬಹುದಿತ್ತು, ಮಗಳನ್ನು ಉಳಿಸಿಕೊಳ್ಳಬಹುದಿತ್ತು. ಕೇಳಿದಾಗ, “ಗುಂಡಿದೇನ್ ತಪ್ಪದ?” ಎಂದಳು. ಎಲೆಯ ಮೇಲೆ ತಪ್ಪಿಲ್ಲವೆಂದು ತೋರಿಸಲು ಆಕೆಗೆ ತಿಳಿದದ್ದು ಅದೊಂದೇ ದಾರಿ ಎಂದು ಈಗ ಅನ್ನಿಸುತ್ತದೆ. ಆದರೆ ಆ ಉರಿ ಯಾರಿಗೆ ಏನನ್ನು ತೋರಿಸಿತು? ಗೋಡೆಯಾಚೆಗೆ ರೊಟ್ಟಿ ಬಡಿಯುವ ಸದ್ದು ನಮಗೆ ಕೇಳುತ್ತಿತ್ತು. ಬೇಗನೆ ಮುಗಿಯುತ್ತಿತ್ತು.

“ಕೋಳಿ ಮಾತು ಯಾಕ ಹೇಳವಲ್ಲಿ ಕಾಕಿ? ನಾ ಗವಾಹಿ ಕೊಡ್ತೇನಿ. ಕಂಡೀನಿ ನಾ” ಎಂದು ಒಮ್ಮೆ ಜಗಳವನ್ನೇ ತೆಗೆದೆ.

ಆಕೆ ಇಳಗಿಯಿಂದ ತಲೆ ಎತ್ತಲಿಲ್ಲ. “ಹೇಳಿದ್ರ ಏನಾಗ್ತದ ಗೊತ್ತದೇನು? ನಿಮ್ಮ ಮನಿ ಕೋಳಿ ಬಾಗ್ಲಿಗಿ ಬಂತು, ಅದಕ್ಕ ಹೆಣ ಬಿತ್ತು ಅಂತಾರ. ಆಮ್ಯಾಲ ನಿಮ್ಮವ್ವ ಈ ಊರಾಗ ಹ್ಯಾಂಗ ಇರ್ತಾಳ? ಮತ್ತ ನನ್ನ ಮಗಳ ಅಕ್ಕಿಕಾಳು ಆ ಬಾಗಲದಾಗೇ ಬೀಳ್ಬೇಕು. ಅಲ್ಲೀ ತನಕಾ ನೀ ಬಾಯಿ ಮುಚ್ಚು.”

“ಅಂದ್ರ ಅಂಜಿದಿ ಅನ್ನು.”

“ಅಂಜೀನಿ. ಬರ್ಕೋ.”

ಹೋದ ವರ್ಷ ಮಗಳ ಮದುವೆ ಆ ಬಾಗಿಲಲ್ಲೇ ಆಯಿತು. ಕಾಕಿ ಹಿಂದೆ ನಿಂತು ಅಕ್ಷತೆ ಹಾಕಿದಳು.

ಬೀದರಿನ ಆಸ್ಪತ್ರೆಯಲ್ಲಿ ಆಕೆಯನ್ನು ಕೊನೆಯ ಸಲ ನೋಡಿದೆ. ಎದೆಬೇನೆ. ಮಾತುಮಾತಿಗೂ ಉಸಿರು ನಿಲ್ಲಿಸಿ ಎಳೆದುಕೊಳ್ಳುತ್ತಿದ್ದಳು. ನಾನು ಬೀದರಿನ ಕೋರ್ಟಿನಲ್ಲಿ ವಕೀಲಿ ಶುರು ಮಾಡಿದ್ದನ್ನು ಹೇಳಿದರೆ, “ಖರೇ ವಕೀಲಬಾಯಿ ಆದಿ” ಎಂದಳು. ಆಮೇಲೆ ಕೇಳಿದಳು:

“ಅವತ್ತು ಗ್ವಾಡಿ ಮ್ಯಾಲಿಂದ ತರಬಹುದಿತ್ತಲ್ಲ?”

ಆಕೆಯೇ ಮುಂದುವರಿಸಿದಳು. “ಗ್ವಾಡಿ ಮ್ಯಾಲಿಂದ ತಂದಿದ್ರ ಯಾರೂ ಕೇಳ್ತಿದ್ದಿಲ್ಲ. ನನಗ ಗೆಲ್ಲಬೇಕಿತ್ತು. ಬಾಗಲದಾಗ, ನಾಕು ಮಂದ್ಯಾಗ ಗೆಲ್ಲಬೇಕಿತ್ತು. ಗಂಡ ಹಿತ್ತಲದಾಗ ಹಾದಿ ನೋಡ್ಲಿಕತ್ತಾನ ಅನ್ನೋದೇ ಮರ್ತೆ.”

ಮುಂಬಾಗಿಲ ಮಾತು ನನ್ನದಾಗಿತ್ತು ಎಂದು ನಾನು ಆಗಲೇ ಹೇಳಬೇಕಿತ್ತು. ಆಕೆ ಮರೆತಿದ್ದಳೋ, ನನ್ನನ್ನು ಉಳಿಸುತ್ತಿದ್ದಳೋ ಗೊತ್ತಿಲ್ಲ. ನಾನು ಹೇಳಲಿಲ್ಲ. ನಾಲ್ಕು ದಿನಕ್ಕೆ ಫೋನ್ ಬಂತು.

ಹೀಗೆ ನಾನು ಆ ಪಂಕ್ತಿಯ ಹತ್ತಿರ ನಿಂತೆ. ಊಟ ಮುಗಿದು ಭಾವ ಪಡಸಾಲೆಯಲ್ಲಿ ನಾಲ್ಕು ಮಾತಾಡಿದರು. ಬಹಳ ಸಹಿಸಿದ ಜೀವ, ತಿಳಿಯದೆ ಆ ಎಲೆ ಹಾಕಿದಳು, ತಮ್ಮ ಹೋದ, ಆದರೂ ನಾವು ಒಂದು ದಿನ ಅನ್ನಲಿಲ್ಲ, ಆಡಲಿಲ್ಲ, ಮಗಳನ್ನು ಸಾಕಿದೆವು ಎಂದರು. ಕೆಲವರು ಕಣ್ಣೊರೆಸಿಕೊಂಡರು. ಮಗಳು ಕಂಬಕ್ಕೆ ಒರಗಿ ಕೂತಿದ್ದಳು.

ಅವಳ ಮದುವೆ ಆಗಿತ್ತು. ನಮ್ಮವ್ವ ಈಗ ನನ್ನ ಜೊತೆ ಬೀದರಿನಲ್ಲಿದ್ದಾಳೆ. ಬಾಯಿ ಮುಚ್ಚಲು ಕಾಕಿ ಹಾಕಿದ ಗಡುವು ಮುಗಿದಿತ್ತು. ನಾನು ಹೊಸ್ತಿಲ ಹೊರಗೇ ನಿಂತು ಎಲ್ಲವನ್ನೂ ಹ್ಯಾಂಗಾಯಿತೋ ಹಂಗ ಹೇಳಿದೆ. ದಂಟು ತುರುಕಿದ್ದು ಯಾರು, ಕೋಳಿ ತಂದದ್ದು ಯಾಕೆ, ಬಾಗಿಲಲ್ಲಿ ಎಷ್ಟು ಹೊತ್ತಾಯಿತು. ಮಗಳು ತಲೆ ಎತ್ತಿ ನನ್ನನ್ನಲ್ಲ, ದೊಡ್ಡಪ್ಪನನ್ನು ನೋಡಿದಳು.

ಅವರು ನನಗಿಂತ ಕಡಿಮೆ ವಾದಿಯಲ್ಲ. “ಮುಂದಿನ ಬಾಗ್ಲಿಂದ ಒಯ್ಯಿ ಅಂತ ಆಕಿಗಿ ಹೇಳಿದಾಕಿ ಯಾರು? ನೀನೇ ಅಲ್ಲೇನು? ಓಣಿಯಾಗ ಕೇಳಿದವ್ರು ನನಗ ಅವತ್ತೇ ಹೇಳ್ಯಾರ.”

“ನಾನೇರಿ” ಎಂದೆ. “ಅದು ನನ್ನ ತಪ್ಪು. ಇವತ್ತು ಆಕಿ ಮಗಳ ಮುಂದ ಒಪ್ಕೊಳ್ಳಾಕತ್ತೀನಿ. ನಂದು ಆಯ್ತು.”

“ಮತ್ತ? ಲಿಂಗವಂತರ ಮನಿಗಿ ಕೋಳಿ ಬ್ಯಾಡ ಅಂದೆ. ಅದರಾಗ ತಪ್ಪೇನದ? ಯಾವ ಲಿಂಗವಂತ ಆದ್ರೂ ಅದನ್ನೇ ಅಂತಿದ್ದ.”

“ಅನ್ಲಿರಿ ದೊಡ್ಡಪ್ಪಾರ. ನೀವು ಕೋಳಿ ಬ್ಯಾಡ ಅಂದಿದ್ದು ಎರಡನೇ ಮಾತು. ಕೋಳಿ ಯಾರದಿದ್ರೂ ಕೋಳೀನೇ ಅಲ್ರಿ? ಮತ್ತ ಮೊದಲನೇ ಮಾತು ‘ಯಾರ ಮನಿದು’ ಅಂತ ಯಾಕ ಕೇಳಿದ್ರಿ?”